ಸಿದ್ದಿ ಉತ್ಸವದಲ್ಲಿ ನಿನ್ನ ಮೊಮ್ಮಗಳು

ಅವ್ವಾ,

ಹೋದ ಭಾನುವಾರ ವೈಟ್‌ಫೀಲ್ಡಿನಲ್ಲಿ ನಮ್ಮ ಹೆಸರಿನಲ್ಲಿ ಉತ್ಸವ ಮಾಡಿದರು. ಸಿದ್ದಿ ಪರಂಪರೆಯ ಉತ್ಸವವಂತೆ. ಗಾಜಿನ ಕಟ್ಟಡದ ಮುಂದೆ, ನೀಟಾಗಿ ಕತ್ತರಿಸಿದ ಹುಲ್ಲಿನ ಮೇಲೆ, ಬಿದಿರಿನ ಗುಡಿಸಲು ಹಾಕಿದ್ದರು. ಒಳಗೆ ಫ್ಯಾನು. ಯಲ್ಲಾಪುರದ ಕಾಡಿನ ನಮ್ಮ ಮನೆಯನ್ನು ನೀನು ದಿನಾ ಸಾರಿಸಿ ಎಷ್ಟು ಚೊಕ್ಕಟವಾಗಿ ಇಡುತ್ತಿದ್ದೆ! ಇವರು ಬೇಕೆಂದೇ ನೆಲದ ಮೇಲೆ ಕಸ ಹರಡಿದ್ದರು. ಕಾಡಿನವರೆಂದರೆ ಕೊಳಕರು ಎಂದು ಇವರಿಗೆ ಯಾರು ಹೇಳಿಕೊಟ್ಟರೋ...

ಡಮಾಮಿ ಕುಣಿಯುವಾಗ ನೀನು ಉಡುತ್ತಿದ್ದ ಸೀರೆ ನೆನಪಿದೆಯಾ? ಮೊಣಕಾಲಿನ ಕೆಳಗೆ ಬಿಗಿಯಾಗಿ, ಡೋಲಿಗೆ ಹೆಜ್ಜೆ ತಪ್ಪದ ಹಾಗೆ. ಕುಣಿಯಲು ಕರೆದಿದ್ದರೆಂದು ಗೀತಾಳಿಗೂ ಹಾಗೇ ಉಡಿಸಿ ಕರೆದುಕೊಂಡು ಹೋಗಿದ್ದೆ. ನಿನ್ನ ಮೊಮ್ಮಗಳು ಈಗ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರು. ಅಲ್ಲಿ ನೋಡಿದರೆ, ಕುತ್ತಿಗೆಗೆ ಬ್ಯಾಡ್ಜು ನೇತುಹಾಕಿಕೊಂಡ ವ್ಯವಸ್ಥಾಪಕನೊಬ್ಬ ಪ್ಲಾಸ್ಟಿಕ್ ಎಲೆಗಳ ಲಂಗ ಹಿಡಿದು ನಿಂತಿದ್ದ.

"ಸೀರೆ ಎಲ್ಲಾರೂ ಉಡ್ತಾರೆ ಅಮ್ಮಾ. ಜನಕ್ಕೆ ಸ್ವಲ್ಪ ಆಫ್ರಿಕಾ ಥರ ಕಾಣ್ಬೇಕಲ್ವಾ?"

"ಆಫ್ರಿಕಾದಲ್ಲಿ ಗಿಡ ಪ್ಲಾಸ್ಟಿಕ್ ಎಲೆ ಬಿಡೋದನ್ನ ನೀನು ನೋಡ್ಕೊಂಡ್ ಬಂದ್ಯಾ?" ಅಂದೆ.

ಗೀತಾ ಲಂಗ ಇಸಿದುಕೊಂಡಳು. "ಫ್ಯಾಕ್ಟರೀಲಿ ದಿನಾ ಯಾವ ದೇಶದವಳು ಅಂತ ಕೇಳ್ತಾರಮ್ಮ. ಇವತ್ತೊಂದಿನ ಏನೂ ಕೇಳ್ದೆ ಚಪ್ಪಾಳೆ ಹೊಡೀಲಿ ಬಿಡು."

ಅವಳ ವಯಸ್ಸಿನಲ್ಲಿ ನಾನು ಹಾಗೆ ಮಾಡಿದ್ದರೆ ನೀನು... ನಾನು ಮುಖ ತಿರುಗಿಸಿಕೊಂಡು ಕುಳಿತೆ. ಕುಣಿತ ಮುಗಿಯುವವರೆಗೆ ಯಾರೂ ಕಣ್ಣಿನಿಂದ ನೋಡಲಿಲ್ಲ, ಎಲ್ಲರೂ ಮೊಬೈಲಿನಿಂದ ನೋಡಿದರು. ಆಮೇಲೆ ನಿರೂಪಕ ಮೈಕು ಹಿಡಿದು, ಪಾಪ, ಇವರನ್ನು ಹಿಂದೆ ಗುಲಾಮರಾಗಿ ತಂದು ಕಾಡಿನಲ್ಲಿ ಇರಿಸಿದ್ದರು ಎಂದ. ಗೀತಾ ಅವನ ಕೈಯಿಂದ ಮೈಕು ತೆಗೆದುಕೊಂಡಳು.

"ಯಾರೂ ಇರಿಸಿದ್ದಲ್ಲ ಸಾರ್. ಗೋವೆಯ ಧಣಿಗಳ ಕೈ ತಪ್ಪಿಸ್ಕೊಂಡು ಓಡಿ ಬಂದೋರು ನಾವು. ಹಿಡಿಯೋಕೆ ಬಂದೋರನ್ನ ವಾಪಸ್ ಅಟ್ಟಿದೋರು. ನಮ್ಮಜ್ಜಿ ಹೇಳಿದ್ಲು."

ನಾನು ಇದನ್ನು ಅವಳಿಗೆ ಒಂದು ದಿನವೂ ಹೇಳಿದವಳಲ್ಲ, ಅವ್ವಾ. ಹೈಸ್ಕೂಲು ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಕೇಳಿದವರಿಗೆಲ್ಲ ಕಾರವಾರದ ಕಡೆಯವರು ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದವಳು ನಾನು. ರಜೆಗೆ ಬಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೌದಿ ಹೊಲಿಯುತ್ತ, ನೀನೇ ಹೇಳಿರಬೇಕು. ನನಗೆ ತಿಳಿಯದ ಹಾಗೆ ಎಷ್ಟು ರಜೆಗಳಲ್ಲಿ ಹೇಳಿದೆ?

ಕಡೆಗೆ ಆ ಬ್ಯಾಡ್ಜಿನವನು ನನ್ನ ಹತ್ತಿರ ಬಂದ. ಶಾಲು ಹೊದಿಸುತ್ತೇವೆ, ನೀವು ಹಿರಿಯರು, ನಿಮ್ಮವರ ಕಥೆ ಹೇಳಿ, ಬರೆದುಕೊಳ್ಳುತ್ತೇವೆ ಅಂದ. ಶಾಲು ನೀನೇ ಹೊದ್ದುಕೋ ಅಂದೆ. ಕಥೆ ಬೇಕಾದರೆ, ಅಗೋ ಎಲೆ ಕಟ್ಟಿಕೊಂಡು ನಿಂತಿದ್ದಾಳಲ್ಲ, ಅವಳನ್ನು ಕೇಳು. ನನಗಿಂತ ಚೆನ್ನಾಗಿ ಬಲ್ಲಳು.