ಬಾಗಿಲಾಚೆಯ ಮಾತು

ಶುಕ್ರವಾರ, ನವೆಂಬರ್ 14, ಕೋಪನ್‌ಹೇಗನ್

ಆಸ್ಗರ್ ಬ್ರಸೆಲ್ಸ್‌ನಲ್ಲಿ ವ್ಯಾಪಾರ ಒಪ್ಪಂದಕ್ಕೆ ಹೂಂ ಎಂದು ಬಂದಿದ್ದಾನೆ.

ಕಳೆದ ವಾರ ಸಂಸತ್ತಿನ ಯುರೋಪ್ ಸಮಿತಿಯ ಬಾಗಿಲಲ್ಲಿ, "ಬೋದಿಲ್, ಇವತ್ತೊಂದಿನ ಸುಮ್ನಿರು ಮಾರಾಯ್ತಿ. ಆ ಕವಯಿತ್ರೀನ ಜೈಲಿಂದ ಬಿಡೋವರೆಗೂ ಅವರ ದೇಶದ ಜೊತೆ ವ್ಯಾಪಾರಕ್ಕೆ ಬ್ರಸೆಲ್ಸ್‌ನಲ್ಲಿ ನಾನು ಒಪ್ಪಲ್ಲ" ಎಂದಿದ್ದ. ನಾನು ನಂಬಿದ್ದು ವಿದೇಶಾಂಗ ಮಂತ್ರಿಯನ್ನಲ್ಲ, ಕಾಲೇಜಿನ ಗೆಳೆಯನನ್ನು. ನಮ್ಮ ಸಮಿತಿಯಲ್ಲಿ ಬಹುಮತ ಬೇಡವೆನ್ನದಿದ್ದರೆ ಮಂತ್ರಿಗೆ ಒಪ್ಪಿಗೆ ಸಿಕ್ಕಂತೆ. ನನ್ನ ಪಕ್ಷ ಬೇಡವೆಂದಿದ್ದರೆ ಅವನ ಕೈ ಕಟ್ಟಿಹೋಗುತ್ತಿತ್ತು.

ಇಂದು ಸಮಿತಿಯಲ್ಲಿ ಎಲ್ಲರೆದುರು ಅವನನ್ನು ಕೇಳಿದೆ. "ಮಾನ್ಯ ಸದಸ್ಯೆ ಅವತ್ತು ವಿರೋಧಿಸಲೇ ಇಲ್ಲವಲ್ಲ" ಎಂದ, ಕಣ್ಣೆತ್ತದೆ.

"ಬಾಗಿಲಾಚೆ ಕೊಟ್ಟ ಮಾತು ಒಳಗೆ ನಡೆಯಲ್ಲ ಕಣಮ್ಮ" ಎಂದು ಪಕ್ಕದ ಮುದುಕ ಹೋಲ್ಗರ್ ನಕ್ಕ.

ಕವಿತೆಯಲ್ಲಿ ಮೌನಕ್ಕೆ ಎಷ್ಟೋ ಅರ್ಥ ಹುಡುಕಿದವಳು ನಾನು. ಸಮಿತಿಯಲ್ಲಿ ಅದಕ್ಕೆ ಒಂದೇ ಅರ್ಥ, ಒಪ್ಪಿಗೆ.

ಕವಯಿತ್ರಿಯ ತಂಗಿ ಇದೇ ಊರಲ್ಲಿದ್ದಾಳೆ. ಅಕ್ಕ ಬಂದರೆ ಬೇಕೆಂದು ಚಳಿಗಾಲದ ಕೋಟು ಕೊಂಡಿದ್ದಾಳಂತೆ. ಅಕ್ಕನದೂ ನನ್ನದೂ ಒಂದೇ ಅಳತೆಯಂತೆ, ನಾಳೆ ನನಗೆ ತೊಡಿಸಿ ನೋಡುತ್ತಾಳಂತೆ. ಆ ತೋಳುಗಳೊಳಗೆ ನಾನು ಹೇಗೆ ಕೈ ತೂರಿಸಲಿ?