ಪೂರ್ವದ ಕಿಟಕಿ

ಗುರು ಸೆರೇನೊಸ್ ಅವರಿಗೆ, ಕ್ರಿಸ್ತನಲ್ಲಿ ತಯೇಸಿಸಳ ನಮಸ್ಕಾರ.

ಇವತ್ತು ಬುಧವಾರದ ಉಪವಾಸ. ಕತ್ತೆಗೆ ಮೇವು ಹಾಕಿ, ನೈಲ್ ಕಾಲುವೆಯಿಂದ ನೀರು ತಂದು ಈಗ ಬರೆಯಲು ಕೂತಿದ್ದೇನೆ. ದೇವತೆಗಳಿಗೆ ಧೂಪ ಹಾಕದ ನಮ್ಮವರನ್ನೆಲ್ಲ ರೋಮಿನ ಸಿಪಾಯಿಗಳು ಹಿಡಿದೊಯ್ಯುತ್ತಿದ್ದಾರೆಂದು ಹಿರಿಯ ಪಮೂನರನ್ನು ನೀವೇ ನಮ್ಮ ಮನೆಯಲ್ಲಿ ಅಡಗಿಸಿದಿರಿ. ಅವರೋ, ಪೂರ್ವಕ್ಕೇ ಮುಖ ಮಾಡಿ ನಿಂತು, ಕೈಯೆತ್ತಿ, ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಪೂರ್ವದ ಕಿಟಕಿ ತೆರೆಯುವುದು ಪಕ್ಕದ ಮನೆ ಸಿಪಾಯಿಯ ಅಂಗಳಕ್ಕೆ! "ಈ ಕಡೆ ತಿರುಗಿ ಮೆಲ್ಲಗೆ ಹೇಳಿ ಅಜ್ಜಾ" ಎಂದರೆ, "ಸೂರ್ಯ ಹುಟ್ಟೋ ಕಡೆ ಬಿಟ್ಟು ನಿನ್ನ ಒಲೆಗೆ ಕೈ ಮುಗೀಲೇನಮ್ಮಾ?" ಎನ್ನುತ್ತಾರೆ.

ಬೆಳಿಗ್ಗೆ ಸಿಪಾಯಿಯ ಹೆಂಡತಿ ಗೋಡೆಯಾಚೆಯಿಂದ ಕರೆದಳು. ನೀರಿನ ಕೊಡ ಅಲ್ಲೇ ಇಟ್ಟು ಓಡಿದೆ.

"ಅಕ್ಕಾ, ನಿಮ್ಮ ಅಜ್ಜ ಕೂಗಿದ ಮೇಲೇ ನಮ್ಮ ಯಜಮಾನ್ರು ಪಹರೆಗೆ ಏಳೋದು. ನಾವು ಯಾರ ಹತ್ರಾನೂ ಬಾಯಿ ಬಿಡಲ್ಲ. ಮಗೂಗೆ ಜ್ವರ, ಪ್ರಾರ್ಥನೇಲಿ ಅದರ ಹೆಸರೂ ಸೇರಿಸೋಕೆ ಹೇಳಿ."

ಹೇಳಿದೆ. ಮಗುವಿನ ತಾಯಿಗೂ ಕೇಳಿಸಲಿ ಎಂದು ಅಜ್ಜ ಈಗ ಇನ್ನೂ ಜೋರು!

ನಾಳೆ ಅಜ್ಜನನ್ನು ಬೇರೆ ಕಡೆ ಕರೆದೊಯ್ಯಲೇ ಎಂದು ಕೇಳಿದ್ದೀರಿ. ಹೌದು ಎಂದು ಬರೆಯಲೆಂದೇ ಕೂತೆ. ಆದರೆ ಆ ಮಗುವಿನ ಹೆಸರು ನನ್ನ ಪ್ರಾರ್ಥನೆಗೂ ಸೇರಿಕೊಂಡುಬಿಟ್ಟಿದೆ. ಮೊದಲು ಜ್ವರ ಇಳಿಯಲಿ, ಅಲ್ಲಿಯವರೆಗೆ ಅಜ್ಜ ಇಲ್ಲೇ ಇರಲಿ. ಆಮೇಲೆ ಯಾರನ್ನಾದರೂ ಕಳಿಸಿ, ಹೌದೋ ಅಲ್ಲವೋ ಎಂಬ ನನ್ನ ಉತ್ತರ ಒಯ್ಯಲಿ.

ತಯೇಸಿಸ್