ನೂರಕ್ಕೆ ಹದಿನಾಲ್ಕು

ಬೆಟ್ಟದ ಬುಡದ ಹೋಟೆಲು, ರೂಮು ೨೧೪
ಗುರುವಾರ, ೧೭ನೇ ತಾರೀಖು, ಸಂಜೆ ಆರೂವರೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ಮಾತ್ರ ನೋವೋ, ಹತ್ತುವಾಗಲೂ ಇದೆಯೋ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ನೀನು ಎರಡೇ ದಿನ ಮಾಡಿ ಬಿಟ್ಟೆ ಅಂತ ಭಾವ ಹೋದ ವಾರವೇ ಫೋನಿನಲ್ಲಿ ಚಾಡಿ ಹೇಳಿಯಾಗಿದೆ. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಹೋಂವರ್ಕ್ ಕೊಟ್ಟವಳು ತನ್ನ ಹೋಂವರ್ಕ್ ಮಾಡದಿದ್ದರೆ ಹೇಗೆ? ನಾನಂತೂ ಸೊಂಟದಿಂದ ಮೇಲೆ ಕ್ಷೇಮವಾಗಿದ್ದೇನೆ. ಕೆಳಗಿನದರ ಬಗ್ಗೆ ಕೇಳಬೇಡ. ಮಾಲೀಶು ಮಾಡುವವನು ಮುಕ್ಕಾಲು ಗಂಟೆ ನೀವಿ, ಕೊನೆಗೆ "ಇದು ಕಾಲಲ್ಲ, ಒಣಗಿದ ಸೌದೆ" ಅಂತ ಟವೆಲು ಹೊದಿಸಿ ಎದ್ದು ಹೋದ.

ಫೋನು ಮಾಡುವುದು ಬಿಟ್ಟು ಇವನೇಕೆ ಕಾಗದ ಬರೆಯುತ್ತಿದ್ದಾನೆ ಅಂತ ನಿನಗೆ ಅನ್ನಿಸಬಹುದು. ಫೋನು ಮಾಡಿದರೆ ನೀನು ಮೊದಲ ಮಾತಿಗೇ "ಏನಾಯ್ತೋ ಗುಂಡ?" ಅಂತೀಯ. ಅದಕ್ಕೆ ಉತ್ತರ ಕೊಡುವಷ್ಟು ಉಸಿರು ಇವತ್ತು ಉಳಿದಿಲ್ಲ. ನಮ್ಮ ತಂಡದ ಸಾಮಾನಿನ ಲಾರಿ ಇವತ್ತೇ ಹೊರಟು ನಿಮ್ಮ ಊರಿನ ಮೇಲೆಯೇ ಹೋಗುತ್ತದೆ. ನಾಳೆ ಬೆಳಿಗ್ಗೆ ನಿನ್ನ ಕೈಗೇ ಕೊಡುತ್ತೇನೆ ಅಂತ ಲಾರಿಯವನು ಮಾತು ಕೊಟ್ಟಿದ್ದಾನೆ. ಅವನು ಬಂದರೆ ಕೂರಿಸಿ ಏನಾದರೂ ತಿನ್ನಲು ಕೊಡು, ಹೊಟ್ಟೆಬಾಕ.

ಇಪ್ಪತ್ತೊಂದು ದಿನದ ಸೈಕಲ್ ರೇಸಿನಲ್ಲಿ ಇವತ್ತಿಗೆ ಹದಿನೆಂಟು ಮುಗಿಯಿತು. ಟಿ.ವಿ.ಯಲ್ಲಿ ನೋಡಿರುತ್ತೀಯ, ನಮ್ಮ ಕ್ಯಾಪ್ಟನ್ ಏಳನೆಯವನಾಗಿ ಬಂದ. ನನ್ನನ್ನು ಹುಡುಕಿ ಕಣ್ಣು ನೋಯಿಸಿಕೊಂಡಿರುತ್ತೀಯ, ಕಂಡಿರುವುದಿಲ್ಲ. ಬೆಟ್ಟದ ದಿನ ಕ್ಯಾಮೆರಾ ನಮ್ಮತ್ತ ತಿರುಗುವುದೇ ಇಲ್ಲ. ಬೆಳಿಗ್ಗೆ ಬಯಲಿನಲ್ಲಿ ಕ್ಯಾಪ್ಟನ್‌ಗೆ ಗಾಳಿ ತಾಗದ ಹಾಗೆ ಅಡ್ಡ ಹೋಗುವುದು, ಕಾರಿನಿಂದ ಎಂಟೆಂಟು ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಗರ್ಭಿಣಿಯ ಹಾಗೆ ಮುಂದಕ್ಕೆ ತಲುಪಿಸುವುದು, ಬೆಟ್ಟ ಶುರುವಾದ ಕೂಡಲೇ ಹಿಂದೆ ಬೀಳುವುದು. ಹದಿನಾಲ್ಕು ವರ್ಷ ಇದೇ ಕೆಲಸ. ಲೆಕ್ಕಕ್ಕುಂಟು, ಆಟಕ್ಕಿಲ್ಲ ಅನ್ನುತ್ತಾರಲ್ಲ, ಆ ಮಾತು ನನ್ನನ್ನು ನೋಡಿಯೇ ಹುಟ್ಟಿರಬೇಕು.

ಹಿಂದೆ ಬಿದ್ದವರಿಗೇಕೆ ಅಷ್ಟು ಅವಸರ ಅಂತ ಭಾವ ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ಮರೆಯುತ್ತಾರೆ. ಇನ್ನೊಮ್ಮೆ ಬಿಡಿಸಿ ಹೇಳು. ಗೆದ್ದವನು ಬಂದ ಮೇಲೆ ಇಂತಿಷ್ಟು ಹೊತ್ತಿನೊಳಗೆ ನಾವು ಗೆರೆ ದಾಟಬೇಕು, ಇಲ್ಲದಿದ್ದರೆ ಮರುದಿನ ಸೈಕಲ್ ಹತ್ತುವ ಹಾಗಿಲ್ಲ, ಮನೆಗೆ. ಆ ಹೊತ್ತು ಗೆದ್ದವನ ಸಮಯದ ಮೇಲೆ ನೂರಕ್ಕೆ ಇಷ್ಟು ಅಂತ, ದಿನಕ್ಕೊಂದು ಅಂಕಿ. ಬೆಳಿಗ್ಗೆ ಎಲ್ಲರಿಗೂ ಅದರ ಹಾಳೆ ಹಂಚುತ್ತಾರೆ. ಯಾರೂ ಓದುವುದಿಲ್ಲ, ಮೇಷ್ಟ್ರು ಓದಿರುತ್ತಾರೆ ಅಂತ. ಮೇಷ್ಟ್ರು ಅಂದರೆ ನಾನು. ಅಡುಗೆಮನೆಯ ಮೇಜಿನ ಮೇಲೆ ನೀನು ಕಿವಿ ಹಿಂಡಿ ಕಲಿಸಿದ ಶೇಕಡಾ ಲೆಕ್ಕವೇ ಇಲ್ಲಿ ನನ್ನ ವಿದ್ಯೆ. ಹಿಂದೆ ಬಿದ್ದವರೆಲ್ಲ, ಯಾವ ತಂಡದವರೇ ಆಗಲಿ, ಒಂದು ಗುಂಪಾಗಿ ಹತ್ತುತ್ತೇವೆ. ಎಷ್ಟರ ಮಟ್ಟಿಗೆ ನಿಧಾನ ಹೋಗಿಯೂ ಬಚಾವಾಗಬಹುದು ಅನ್ನುವುದನ್ನು ನಾನು ಹೇಳುತ್ತೇನೆ, ಅವರು ಕೇಳುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ನಿಜವಾದ ಮೇಷ್ಟ್ರು ನಮ್ಮ ಮನೆಯಲ್ಲಿದ್ದಾಳೆ ಅಂದರೆ ಯಾರೂ ನಂಬುವುದಿಲ್ಲ.

ಇವತ್ತು ಮೂರು ಬೆಟ್ಟ. ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದವನು ಸೈಕಲ್ ತುಳಿದವನೇ ಇರಬೇಕು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಎಷ್ಟು ಚೆಂದ ಕಾಣುತ್ತಿತ್ತು, ನೀಲಿ ಬಣ್ಣ, ತುದಿಯಲ್ಲಿ ಒಂದು ತುಂಡು ಮೋಡ! ಮೊದಲನೆಯದರ ನಾಲ್ಕನೇ ತಿರುವಿನಲ್ಲೇ ನನಗೆ ಗೊತ್ತಾಯಿತು, ಇವತ್ತು ನನ್ನ ಕಾಲಿನಲ್ಲಿ ಏನೂ ಇಲ್ಲ. ನೋವು ಇದ್ದರೆ ಪರವಾಗಿಲ್ಲ, ನೋವಿನ ಜೊತೆ ಸಂಸಾರ ಮಾಡಿ ಅಭ್ಯಾಸವಿದೆ. ಇದು ಬರಿದಾಗಿರುವುದು. ಬಿಸಿಲಿಗೆ ಡಾಂಬರು ಕರಗಿ ಟೈರಿಗೆ ಅಂಟುತ್ತಿತ್ತು. ಕುಡಿದ ನೀರು ಬೆಚ್ಚಗಿತ್ತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡನೇ ಬೆಟ್ಟದ ಮೇಲೆ ಎರಡು ಸಲ ವಾಂತಿ ಮಾಡಿದೆ, ಸೈಕಲ್ ನಿಲ್ಲಿಸದೆ. ಅದೂ ಒಂದು ವಿದ್ಯೆ, ಅದನ್ನು ಮಾತ್ರ ನೀನು ಕಲಿಸಿದ್ದಲ್ಲ.

ಗುಂಪಿನಲ್ಲಿ ಮೂವತ್ಮೂರು ಜನ ಇದ್ದೆವು. ನಮ್ಮ ಹಿಂದೆ ಪೊರಕೆ ಗಾಡಿ. ಸೋತು ಇಳಿದವರನ್ನು ಗುಡಿಸಿಕೊಂಡು ಬರುವ ಕೊನೆಯ ವ್ಯಾನಿಗೆ ನಾವು ಇಟ್ಟ ಹೆಸರು ಅದು. ಅದರ ಇಂಜಿನ್ನಿನ ಗುರುಗುಟ್ಟುವಿಕೆ ಬೆನ್ನಿಗೇ ತಾಗುವಂತೆ ಕೇಳಿಸುತ್ತದೆ. ನನ್ನ ಪಕ್ಕದಲ್ಲಿ ಎಂದಿನಂತೆ ಗೂಳಿ. ಅವನ ಬಗ್ಗೆ ಹೇಳಿದ್ದೇನಲ್ಲ, ಬೇರೆ ತಂಡದವನು, ತೊಡೆ ಒಂದೊಂದೂ ನನ್ನ ಸೊಂಟದಷ್ಟು. ಬಯಲಿನಲ್ಲಿ ಕೊನೆಯ ಇನ್ನೂರು ಮೀಟರು ಅವನ ಮುಂದೆ ಯಾರೂ ನಿಲ್ಲಲಾರರು. ಬೆಟ್ಟ ಬಂದರೆ ಮಾತ್ರ ನಮ್ಮವನು. ಹನ್ನೊಂದು ವರ್ಷದಿಂದ ಜೊತೆಯಾಗಿ ಹತ್ತುತ್ತಿದ್ದೇವೆ. ಬಯಲಿನ ಗೆಲುವುಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕ ಇರುವವನಿಗೆ ಬೇರೆ ಬಣ್ಣದ ಅಂಗಿ ತೊಡಿಸುತ್ತಾರೆ. ಈ ಸಲ ಒಂಬತ್ತು ದಿನದಿಂದ ಆ ಅಂಗಿ ಅವನ ಮೈಮೇಲಿದೆ, ಜೀವನದಲ್ಲಿ ಮೊದಲ ಸಲ. ಅದನ್ನು ತೊಳೆಯಲು ಯಾರ ಕೈಗೂ ಕೊಡುವುದಿಲ್ಲವಂತೆ, ಹೋಟೆಲಿನ ಬೇಸಿನ್ನಿನಲ್ಲಿ ತಾನೇ ತೊಳೆದುಕೊಳ್ಳುತ್ತಾನೆ.

ಎರಡನೇ ಬೆಟ್ಟದ ಕೊನೆಯ ಕಡಿದಾದ ತಿರುವಿನಲ್ಲಿ ನಾನು ಜಾರುತ್ತಾ ಜಾರುತ್ತಾ ಗುಂಪಿನ ಬಾಲಕ್ಕೆ ಬಂದಿದ್ದೆ. ಆಗ ಬೆನ್ನಿನ ಮೇಲೆ ಒಂದು ಕೈ ಬಿತ್ತು. ಗೂಳಿ. ನೂರು ಮೀಟರು ತಳ್ಳಿದ. ಅಧಿಕಾರಿಗಳು ನೋಡಿದ್ದರೆ ದಂಡ ಹಾಕುತ್ತಿದ್ದರು, ಅದೂ ಆ ಅಂಗಿ ತೊಟ್ಟವನಿಗೆ. ಅಷ್ಟು ಶಕ್ತಿ ಅವನಲ್ಲಿ ಉಳಿದಿತ್ತು ಇವತ್ತು.

ಕೊನೆಯ ಬೆಟ್ಟದ ಬುಡದಲ್ಲಿ ಹಲಗೆ ಹಿಡಿದ ಬೈಕಿನವನು ನಮಗೆ ಅಂತರ ತೋರಿಸಿದ, ಮುಂದಿನವರಿಗಿಂತ ಇಪ್ಪತ್ತೆಂಟು ನಿಮಿಷ ಹಿಂದೆ. ತಂಡದ ಕಾರುಗಳೆಲ್ಲ ಮೇಲೆ ಮುಂದಿನವರ ಜೊತೆ, ಕಿವಿಯ ರೇಡಿಯೋದಲ್ಲಿ ಕರಕರ ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರ ಮುಖ ನನ್ನ ಕಡೆ ತಿರುಗಿತು. ಗೆಲ್ಲುವವನಿಗೆ ಐದು ಗಂಟೆ, ಅಂದರೆ ಮುನ್ನೂರು ನಿಮಿಷ. ನಿನ್ನೆಯ ಅಂಕಿ ನೂರಕ್ಕೆ ಹದಿನಾರು ಇತ್ತು. ತಲೆಯಲ್ಲಿ ಅದೇ ಉಳಿದಿತ್ತು ನೋಡು. ಹದಿನಾರಾದರೆ ನಲವತ್ತೆಂಟು ನಿಮಿಷ, ಅದರಲ್ಲಿ ಇಪ್ಪತ್ತೆಂಟು ಕಳೆದರೆ ಇಪ್ಪತ್ತು. ಮುಂದಿನವರು ಈ ಬೆಟ್ಟವನ್ನು ಐವತ್ತು ನಿಮಿಷದಲ್ಲಿ ಹತ್ತುತ್ತಾರೆ, ನಾವು ಎಪ್ಪತ್ತರಲ್ಲಿ ಹತ್ತಿದರೆ ಸಾಕು. ಹಾಗೇ ಕೂಗಿ ಹೇಳಿದೆ. ಗುಂಪಿನಲ್ಲಿ ಒಂದು ನಿಟ್ಟುಸಿರು ಹೊರಟಿತು, ವೇಗ ತಗ್ಗಿತು. ಇವತ್ತಿನ ಅಂಕಿ ಹದಿನಾಲ್ಕು, ಅಕ್ಕಾ. ನಲವತ್ತೆರಡೇ ನಿಮಿಷ. ಅರವತ್ತನಾಲ್ಕರಲ್ಲಿ ಹತ್ತಬೇಕಿತ್ತು.

ಅರ್ಧ ಬೆಟ್ಟದಲ್ಲಿ ಗೂಳಿ ನನ್ನ ಹತ್ತಿರ ಸರಿದು, "ಮೇಷ್ಟ್ರೇ, ಇವತ್ತು ನನ್ ಕಾಲು ಚೆನ್ನಾಗಿದೆ, ಸಮಯದ್ದೇ ಯಾಕೋ ಅನುಮಾನ. ಮುಂದೆ ಹೋಗ್ಬಿಡ್ಲಾ?" ಅಂತ ಕೇಳಿದ. "ಸಮಯ ಇದೆ ಕಣಯ್ಯ, ಕಾಲು ನಾಳೆಗೆ ಉಳಿಸ್ಕೋ" ಅಂದೆ. ತಲೆಯಾಡಿಸಿ ಪಕ್ಕದಲ್ಲೇ ಉಳಿದ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಅದೇ ಹೇಳಿದೆ.

ಕೊನೆಯ ಕಿಲೋಮೀಟರಿನಲ್ಲಿ ಎಲ್ಲರೂ ನಗುತ್ತಿದ್ದರು. ಇನ್ನೊಂದು ನಿಮಿಷ ಕೈಯಲ್ಲಿದೆ ಅಂತ ಒಬ್ಬ ನನ್ನ ಹೆಲ್ಮೆಟ್ಟಿನ ಮೇಲೆ ತಟ್ಟಿದ. ಗೆರೆ ದಾಟಿದಾಗ ಗಡಿಯಾರ ಐದು ಗಂಟೆ ನಲವತ್ತೇಳು ನಿಮಿಷ ತೋರಿಸುತ್ತಿತ್ತು. ಅಲ್ಲಿ ಕೆಲಸಗಾರರು ಆಗಲೇ ಬೇಲಿ ಬಿಚ್ಚಿ ಲಾರಿಗೆ ಪೇರಿಸುತ್ತಿದ್ದರು. ಅಧಿಕಾರಿಯೊಬ್ಬರು ಪಟ್ಟಿ ಹಿಡಿದುಕೊಂಡು ಬಂದು, "ಐದು ನಿಮಿಷ ತಡ" ಅಂದರು. ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ನಿನ್ನೆಯ ಅಂಕಿ ತಲೆಯಲ್ಲಿತ್ತು ಅಂದೆ. ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಒಬ್ಬ ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ನನ್ನ ತಲೆಗೆ ಸುರಿದು, "ಬಿಸಿಲಿಗೆ ಯಾರ ತಲೆಯಾದ್ರೂ ಕೆಡುತ್ತೆ" ಅಂದ. ನಮ್ಮ ಮ್ಯಾನೇಜರು ಮಾತ್ರ ಬಸ್ಸಿನ ಬಾಗಿಲನ್ನು ಧಡಾರನೆ ಹಾಕಿಕೊಂಡರು, ಅದು ಅವರ ದಿನನಿತ್ಯದ ಅಭ್ಯಾಸ.

ಈಗ ಕೆಳಗಿನ ಹಾಲಿನಲ್ಲಿ ತೀರ್ಪುಗಾರರು ಕೂತಿದ್ದಾರೆ. ಒಬ್ಬಿಬ್ಬರು ತಡವಾದರೆ ಯೋಚನೆಯೇ ಇಲ್ಲದೆ ಮನೆಗೆ ಕಳಿಸುತ್ತಾರೆ. ಮೂವತ್ಮೂರು ಜನರನ್ನು ಕಳಿಸಿದರೆ ರೇಸೇ ಬೋಳಾಗುತ್ತದೆ, ಹಾಗಾಗಿ ಕ್ಷಮಿಸಲೂಬಹುದು. ಕ್ಷಮಿಸಿದರೂ ಪ್ರತಿಯೊಬ್ಬರಿಗೂ ಇಪ್ಪತ್ತು ಅಂಕ ಕಡಿಯುತ್ತಾರೆ. ನನ್ನ ಹತ್ತಿರ ಕಡಿಯಲು ಒಂದು ಅಂಕವೂ ಇಲ್ಲ, ಬೋಳುತಲೆಗೆ ಕ್ಷೌರಿಕನ ಭಯವೇನು? ಗೂಳಿ ಎರಡನೆಯವನಿಗಿಂತ ಒಂಬತ್ತೇ ಅಂಕ ಮುಂದಿದ್ದಾನೆ, ಆ ಎರಡನೆಯವನು ಇವತ್ತು ನಮ್ಮ ಗುಂಪಿನಲ್ಲಿರಲಿಲ್ಲ. ಉಳಿದಿರುವ ಮೂರು ದಿನದಲ್ಲಿ ಎರಡು ಬೆಟ್ಟದವೇ, ಕಳೆದುಕೊಂಡದ್ದನ್ನು ಮತ್ತೆ ಗಳಿಸಲು ಅವನಿಗೆ ದಾರಿಯಿಲ್ಲ.

ರೂಮಿನಲ್ಲಿ ನನ್ನ ಜೊತೆಗಾರ ಕಾಲನ್ನು ಗೋಡೆಗೆ ಎತ್ತಿಟ್ಟುಕೊಂಡು ಹಾಗೇ ನಿದ್ದೆ ಹೋಗಿದ್ದಾನೆ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ಕಿಟಕಿಯ ಕೆಳಗೆ ಮೆಕ್ಯಾನಿಕ್ಕುಗಳು ಪೈಪು ಹಿಡಿದು ಸೈಕಲ್ ತೊಳೆಯುತ್ತಿದ್ದಾರೆ. ನನ್ನದನ್ನೂ ತೊಳೆಯುತ್ತಿದ್ದಾರೆ, ನಾಳೆ ಬೇಕೋ ಬೇಡವೋ ಗೊತ್ತಿಲ್ಲದೆ. ತುಂಬಾ ದಣಿದಿದ್ದೇನೆ ಅಕ್ಕಾ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ಈ ರೇಸು ಮುಗಿದರೆ ನಿಲ್ಲಿಸುತ್ತೇನೆ ಅಂತ ಹೇಳಿದ್ದೆನಲ್ಲ, ಕೊನೆಯ ಗೆರೆ ದಾಟಿ ನಿಲ್ಲಿಸಬೇಕು ಅನ್ನುವುದೊಂದೇ ಆಸೆಯಿತ್ತು. ಭಾನುವಾರ ನೀನು ಆ ಮಂಡಿ ಎಳೆದುಕೊಂಡು ಅಷ್ಟು ದೂರ ಬಂದು ನಿಲ್ಲುತ್ತೀಯ, ನಾನು ಮಾತ್ರ ಇರುವುದಿಲ್ಲ ಅಂತ ನೆನೆಸಿಕೊಂಡರೆ ಬೆಟ್ಟದ ಮೇಲೆ ಅಳು ಬರುತ್ತಿತ್ತು. ಮೂವತ್ತಾರು ವರ್ಷದ ಗಂಡಸು, ಬೆವರು ಅಂತ ಹೇಳಿಕೊಂಡೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು, ಬಿ.ಪಿ. ಮಾತ್ರೆ ಮರೆಯದಿರಲಿ. ನಿನ್ನ ಮಗಳ ಪರೀಕ್ಷೆ ಮುಗಿದಿದ್ದರೆ ಮಾವ ಕೇಳಿದ ಅಂತ ಹೇಳು, ಮುಗಿಯದಿದ್ದರೆ ಏನೂ ಹೇಳಬೇಡ, ಓದಿಕೊಳ್ಳಲಿ. ನೀನು ಮಂಡಿಗೆ ಬಿಸಿನೀರಿನ ಶಾಖ ಕೊಡು, ಕುರ್ಚಿ ಹತ್ತಿ ಫ್ಯಾನು ಒರೆಸಬೇಡ. ನಿನ್ನ ಕಾಲಿಗೆ ಬಿದ್ದು,

ನಿನ್ನ,
ಗುಂಡ

ವಿ.ಸೂ.: ತೀರ್ಪು ಬಂತು. ಮೂವತ್ಮೂರು ಜನರನ್ನೂ ಉಳಿಸಿಕೊಂಡರು, ಇಪ್ಪತ್ತು ಅಂಕ ಕಡಿತ. ಗೂಳಿಯ ಅಂಗಿ ಹೋಯಿತು. ಅವನೇ ಬಂದು ಬಾಗಿಲು ತಟ್ಟಿ ಹೇಳಿದ. "ಹನ್ನೊಂದು ವರ್ಷದಲ್ಲಿ ಒಂದ್ಸಲ ತಪ್ಪಿದ್ರೆ ಏನಾಯ್ತು ಬಿಡಿ ಮೇಷ್ಟ್ರೇ, ನೀವೂ ಮನುಷ್ಯರೇ ಅಲ್ವಾ" ಅಂತ ನಕ್ಕ. ಕಣ್ಣು ಕೆಂಪಗಿತ್ತು. ನಾಳೆಯ ಅಂಕಿ ಎಷ್ಟಿರಬಹುದು ಅಂತಲೂ ಕೇಳಿ ಹೋದ. ಅಕ್ಕಾ, ಲೆಕ್ಕ ತಪ್ಪಲಿಲ್ಲ. ಮೇಲೆ ಬರೆದದ್ದರಲ್ಲಿ ಅದೊಂದು ಸುಳ್ಳು. ಹೊಡೆದು ಹಾಕಿ ಹೊಸದಾಗಿ ಬರೆಯಲು ಹೊತ್ತಿಲ್ಲ, ಲಾರಿಯವನು ಕೀಲಿ ಆಡಿಸುತ್ತಾ ನಿಂತಿದ್ದಾನೆ. ಹದಿನಾಲ್ಕು ಅಂತ ಬೆಳಿಗ್ಗೆ ನಾನೇ ಬರೆದು ಹ್ಯಾಂಡಲಿಗೆ ಅಂಟಿಸಿದ್ದೆ, ಇಡೀ ದಿನ ಕಣ್ಣ ಮುಂದೆ ಇತ್ತು. ಅರವತ್ತನಾಲ್ಕು ನಿಮಿಷದಲ್ಲಿ ಹತ್ತಲು ನನ್ನಿಂದ ಸಾಧ್ಯವಿರಲಿಲ್ಲ. ಅವರಿಗೆಲ್ಲ ಸಾಧ್ಯವಿತ್ತು. ನಿಜ ಹೇಳಿದ್ದರೆ ಅವರು ಹೋಗಿಬಿಡುತ್ತಿದ್ದರು, ನಾನೊಬ್ಬನೇ ಉಳಿಯುತ್ತಿದ್ದೆ, ಒಬ್ಬನನ್ನು ಯಾರೂ ಕ್ಷಮಿಸುವುದಿಲ್ಲ. ಬೆನ್ನಿಗೆ ಕೈಕೊಟ್ಟು ತಳ್ಳಿದವನನ್ನೇ ಎರಡು ಸಲ ತಡೆದೆ. ಎರಡು ಬಾಗಿಲು ಆಚೆ ಅವನ ರೂಮಿದೆ, ಈಗಲೇ ಹೋಗಿ ಹೇಳುತ್ತೇನೆ. ಧೈರ್ಯ ಬಂತು ಅಂತ ಹೋಗುತ್ತಿರುವುದಲ್ಲ. ನಿನಗೆ ತಿಳಿದ ಮೇಲೆ ಅವನಿಗೆ ಹೇಳದೆ ಉಳಿಯಲು ನನಗೆ ಆಗುವುದಿಲ್ಲ, ಅದಕ್ಕೇ ಮೊದಲು ನಿನಗೆ ಬರೆದೆ.